ದಿನಚರಿಯ ಬೀಗದ ಕೈ

ಮನೆಯಲ್ಲಿರುವ ವಸ್ತುಗಳಲ್ಲಿ ಯಜಮಾನನ ಗುಟ್ಟನ್ನು ಅವನ ಹಣದ ಪೆಟ್ಟಿಗೆಗಿಂತ ಹೆಚ್ಚಾಗಿ ಬಲ್ಲದ್ದು ಯಾವುದೆಂದು ಕೇಳಿದರೆ, ಗೋಡೆಯ ಮೊಳೆಗೆ ತೂಗುವ ಕ್ಯಾಲೆಂಡರು ಎಂದೇ ಹೇಳಬೇಕಾಗುತ್ತದೆ. ಹಾಲಿನವನ ಲೆಕ್ಕ, ಗ್ಯಾಸ್ ಸಿಲಿಂಡರು ಬಂದ ದಿನ, ಚೀಟಿಯ ಕಂತು, ತಂದೆಯ ತಿಥಿ, ಹೆಣ್ಣು ನೋಡಲು ಬರುತ್ತೇವೆಂದು ಬೀಗರು ತಿಳಿಸಿದ ಭಾನುವಾರ, ವೈದ್ಯರು ಮತ್ತೆ ಬರಹೇಳಿದ ತಾರೀಖು, ಇವೆಲ್ಲ ಅದರ ಚೌಕಗಳಲ್ಲಿ ಅಡಗಿರುತ್ತವೆ. ಆ ಚೌಕಗಳನ್ನು ಸಾವಧಾನವಾಗಿ ಓದಬಲ್ಲವನಿಗೆ ಒಂದು ಸಂಸಾರದ ಸ್ಥಿತಿಗತಿ ತಿಳಿಯಲು ಬೇರೆ ಯಾವ ದಾಖಲೆಯೂ ಬೇಕಾಗಿಲ್ಲ.

ಪಟ್ಟಣವಾಸಿಗಳಲ್ಲಿ ಬಹುಮಂದಿಯ ಪಾಲಿಗೆ ಈ ಕ್ಯಾಲೆಂಡರು ಈಗ ಗೋಡೆಯಿಂದ ಇಳಿದು ಮೊಬೈಲಿನೊಳಗೆ ಹೊಕ್ಕಿದೆ. ಅಲ್ಲಿಂದ ಇಂಟರ್ನೆಟ್ಟಿನ ಮೂಲಕ ದೂರದ ಯಾವುದೋ ಕಂಪ್ಯೂಟರಿನಲ್ಲಿ ಅದು ವಾಸಮಾಡುತ್ತಿದೆ. ಇದು ಹಳೆಯ ಸುದ್ದಿ. ಹೊಸ ಸುದ್ದಿಯೆಂದರೆ, ಕೃತಕ ಬುದ್ಧಿಯ ಸಹಾಯಕನೊಬ್ಬನು ಬಂದು ನಿಂತು, ‘ತಮ್ಮ ಕ್ಯಾಲೆಂಡರನ್ನು ನನಗೆ ಜೋಡಿಸಿಕೊಡಿ, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ’ ಎನ್ನುತ್ತಿರುವುದು. ಜೋಡಿಸುವ ಕೆಲಸವಾದರೂ ಎಷ್ಟರದು? ಒಂದು ಗುಂಡಿ ಒತ್ತಬೇಕು, ಒಂದು ಪುಟದಲ್ಲಿ ಒಪ್ಪಿಗೆಯೆನ್ನಬೇಕು. ಅರ್ಧ ನಿಮಿಷದ ಮಾತು. ಆದರೆ ಆ ಅರ್ಧ ನಿಮಿಷದ ಹಿಂದೆ ಸುಮಾರು ನಲವತ್ತು ವರ್ಷಗಳ ಇತಿಹಾಸವಿದೆ. ಅದು ಯಂತ್ರಗಳ ಇತಿಹಾಸ ಎನ್ನುವುದಕ್ಕಿಂತ ಮನುಷ್ಯರು ತಮ್ಮತಮ್ಮೊಳಗೆ ಮಾಡಿಕೊಂಡ ಒಪ್ಪಂದಗಳ ಇತಿಹಾಸ. ಒಪ್ಪಿಗೆಯ ಗುಂಡಿಯನ್ನು ಒತ್ತುವವರು ಅದನ್ನು ಅಷ್ಟಿಷ್ಟು ತಿಳಿದಿರುವುದು ಲೇಸೆಂದು ನನ್ನ ಅಭಿಪ್ರಾಯ.

ಕಚೇರಿಯ ಕ್ಯಾಲೆಂಡರು ಕಂಪ್ಯೂಟರಿಗೆ ಏರಿದ್ದು 1980ರ ದಶಕದ ಆಸುಪಾಸಿನಲ್ಲಿ. ಐಬಿಎಂ ಕಂಪೆನಿಯು 1981ರಲ್ಲಿ ಹೊರತಂದ ‘ಪ್ರಾಫ್ಸ್’ ಎಂಬ ವ್ಯವಸ್ಥೆಯಲ್ಲಿ ಟಪಾಲೂ ಇತ್ತು, ಕ್ಯಾಲೆಂಡರೂ ಇತ್ತು. ಒಂದೇ ಕಚೇರಿಯ ಒಂದೇ ದೊಡ್ಡ ಯಂತ್ರವನ್ನು ಆಶ್ರಯಿಸಿದವರು ಒಬ್ಬರ ಬಿಡುವನ್ನು ಇನ್ನೊಬ್ಬರು ನೋಡಿ ಸಭೆಯನ್ನು ಗೊತ್ತುಮಾಡಬಹುದಾಗಿತ್ತು. ಆದರೆ ಅದು ಅಗ್ರಹಾರದೊಳಗಣ ಆತ್ಮೀಯತೆ. ಬೀದಿಯಾಚೆಯ ಇನ್ನೊಂದು ಕಂಪೆನಿ ಇನ್ನೊಂದು ಬಗೆಯ ಯಂತ್ರವನ್ನು ಇಟ್ಟುಕೊಂಡಿದ್ದರೆ, ಇವರ ಮಂಗಳವಾರ ಅವರಿಗೆ ಅರ್ಥವಾಗುತ್ತಿರಲಿಲ್ಲ. ಪ್ರತಿಯೊಬ್ಬ ತಯಾರಕನೂ ತನ್ನದೇ ರೀತಿಯಲ್ಲಿ ದಿನವನ್ನು ಬರೆದಿಟ್ಟುಕೊಳ್ಳುತ್ತಿದ್ದನು. ಗಿರಾಕಿ ತನ್ನಿಂದ ತಪ್ಪಿಸಿಕೊಂಡು ಹೋಗದಿರಲು ಅದೂ ಒಂದು ಬೇಲಿಯೆಂದು ಭಾವಿಸಿದವರು ಇಲ್ಲದಿರಲಿಲ್ಲ.

ಈ ಬೇಲಿಯನ್ನು ಸಡಿಲಿಸುವ ಪ್ರಯತ್ನ 1996ರಲ್ಲಿ ಕೈಗೂಡಿತು. ಆಪಲ್, ಎಟಿ ಅಂಡ್ ಟಿ, ಐಬಿಎಂ, ಸೀಮೆನ್ಸ್ ಈ ನಾಲ್ಕು ಕಂಪೆನಿಗಳು ಸೇರಿ ಕಟ್ಟಿದ್ದ ‘ವರ್ಸಿಟ್’ ಎಂಬ ಕೂಟವು ಆ ವರ್ಷ ‘ವಿಕ್ಯಾಲೆಂಡರ್’ ಎಂಬ ಬರವಣಿಗೆಯ ಕ್ರಮವನ್ನು ಪ್ರಕಟಿಸಿತು. ಅದರ ಬೆನ್ನಿಗೆ, ಇಂಟರ್ನೆಟ್ಟಿನ ಕಟ್ಟಳೆಗಳನ್ನು ರೂಪಿಸುವ ಎಂಜಿನಿಯರುಗಳ ಬಳಗ, ಅಂದರೆ ಇಂಟರ್ನೆಟ್ ಎಂಜಿನಿಯರಿಂಗ್ ಟಾಸ್ಕ್ ಫೋರ್ಸ್, ಈ ಕೆಲಸವನ್ನು ಕೈಗೆತ್ತಿಕೊಂಡಿತು. ಈ ಬಳಗದ ಸ್ವಭಾವ ವಿಚಿತ್ರವಾದದ್ದು. ಅದಕ್ಕೆ ಸದಸ್ಯರ ಪಟ್ಟಿಯಿಲ್ಲ, ಮತದಾನವಿಲ್ಲ. ಬಂದವರೆಲ್ಲರೂ ವಾದಮಾಡಬಹುದು, ಬಹುಪಾಲು ಜನ ತಲೆದೂಗುವಷ್ಟು ಒಮ್ಮತ ಹುಟ್ಟಿದರೆ ಅದೇ ಕಟ್ಟಳೆ. ಹಾಗೆ ಹುಟ್ಟಿದ ಕಟ್ಟಳೆಗೂ ಅವರು ಇಟ್ಟಿರುವ ಹೆಸರು ‘ಅಭಿಪ್ರಾಯ ಕೋರಿಕೆ’ ಎಂದೇ. ಇಷ್ಟೊಂದು ವಿನಯದ ಶಾಸನ ಜಗತ್ತಿನಲ್ಲಿ ಬೇರೆ ಇರಲಾರದು.

1998ರ ನವೆಂಬರಿನಲ್ಲಿ ಈ ಬಳಗವು 2445ನೆಯ ಸಂಖ್ಯೆಯ ಪತ್ರವನ್ನು ಪ್ರಕಟಿಸಿತು. ‘ಐಕ್ಯಾಲೆಂಡರ್’ ಎಂದು ಅದರ ಹೆಸರು. ಅದನ್ನು ಬರೆದವರು ಇಬ್ಬರು: ಲೋಟಸ್ ಕಂಪೆನಿಯ ಫ್ರಾಂಕ್ ಡಾಸನ್ ಮತ್ತು ಮೈಕ್ರೋಸಾಫ್ಟಿನ ಡೆರಿಕ್ ಸ್ಟೆನರ್ಸನ್. ಕಚೇರಿಗಳ ಟಪಾಲು ಮತ್ತು ಕ್ಯಾಲೆಂಡರುಗಳ ಮಾರುಕಟ್ಟೆಯಲ್ಲಿ ಆಗ ಈ ಎರಡು ಕಂಪೆನಿಗಳು ಎದುರುಬದುರು ನಿಂತಿದ್ದವು. ಮಾರುಕಟ್ಟೆಯಲ್ಲಿ ಜಗಳ, ಕಟ್ಟಳೆಯ ಪತ್ರದಲ್ಲಿ ಅಕ್ಕಪಕ್ಕದ ಸಹಿ! ಯಾವ ಕಂಪೆನಿಯ ಕ್ಯಾಲೆಂಡರಿನಿಂದಲೇ ಆಗಲಿ ಇಂದು ನಮಗೊಂದು ಆಹ್ವಾನ ಬಂದು, ಅದು ನಮ್ಮ ಕ್ಯಾಲೆಂಡರಿನಲ್ಲಿ ಸರಿಯಾದ ದಿನ ಸರಿಯಾದ ಗಂಟೆಗೆ ಹೋಗಿ ಕುಳಿತರೆ, ಅದಕ್ಕೆ ಕಾರಣ ಆ ಸಹಿಗಳು. 2009ರ ಸೆಪ್ಟೆಂಬರಿನಲ್ಲಿ ಈ ಪತ್ರವನ್ನು ಪರಿಷ್ಕರಿಸಿ 5545ನೆಯ ಸಂಖ್ಯೆಯಲ್ಲಿ ಮತ್ತೆ ಪ್ರಕಟಿಸಿದರು. ಇಂದಿಗೂ ತಳಹದಿ ಅದೇ.

ಈ ಬರವಣಿಗೆಯನ್ನು ಬಿಚ್ಚಿ ನೋಡಿದರೆ ಬೆರಗಾಗುವಂಥದೇನೂ ಕಾಣುವುದಿಲ್ಲ. ಹಳೆಯ ತಂತಿಯ ಭಾಷೆಯಂತೆ ಒಂದೊಂದು ಸಾಲಿಗೆ ಒಂದೊಂದು ಸಂಗತಿ: ಘಟನೆ ಆರಂಭ, ಇಷ್ಟು ಹೊತ್ತಿಗೆ ಮೊದಲು, ಇಷ್ಟು ಹೊತ್ತಿಗೆ ಕೊನೆ, ಸ್ಥಳ ಇಂಥದು, ವಿಷಯ ಇಂಥದು, ವಾರಕ್ಕೊಮ್ಮೆ ಮರುಕಳಿಸತಕ್ಕದ್ದು, ಘಟನೆ ಮುಗಿಯಿತು. ಒಂದು ಸಾಲು 75 ‘ಆಕ್ಟೆಟ್’ಗಳನ್ನು ಮೀರಬಾರದೆಂದೂ, ಮೀರಿದರೆ ಮುರಿದು ಮುಂದಿನ ಸಾಲಿನ ಆರಂಭದಲ್ಲಿ ಒಂದು ತೆರಪು ಬಿಡಬೇಕೆಂದೂ ನಿಯಮ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಆಕ್ಟೆಟ್ ಸಾಕು. ನಮ್ಮ ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೇಕು; ‘ಯುಗಾದಿ’ ಎಂದು ಬರೆಯಲು ಗುಣಿತದ ಗುರುತುಗಳೂ ಸೇರಿ 18 ಬೇಕಾಗುತ್ತವೆ. ಆದ್ದರಿಂದ ಕನ್ನಡದ ಸಾಲು ಬೇಗ ತುಂಬುತ್ತದೆ. ಅಜಾಗರೂಕತೆಯಿಂದ ಬರೆದ ಕ್ರಮವಿಧಿಗಳು ಸಾಲನ್ನು ಒಂದು ಅಕ್ಷರದ ಹೊಟ್ಟೆಯ ನಡುವೆಯೇ ಮುರಿದುಬಿಡುವ ಸಂಭವವುಂಟು. 2009ರ ಪತ್ರವು ಈ ಅಪಾಯವನ್ನು ಹೆಸರಿಸಿ ಎಚ್ಚರಿಕೆ ಕೊಡುತ್ತದೆ. ಪರಭಾಷೆಯವರ ಕಟ್ಟಡದಲ್ಲಿ ಬಾಡಿಗೆಗಿರುವವರಿಗೆ ಬಾಗಿಲು ಸ್ವಲ್ಪ ತಗ್ಗು.

ತಗ್ಗಿದ ಬಾಗಿಲು ಇದೊಂದೇ ಅಲ್ಲ. ಗಂಟೆಯನ್ನು ಬರೆಯುವುದು ಸುಲಭವೆಂದು ತೋರುತ್ತದೆ. ಆದರೆ ಯಾರ ಗಂಟೆ? ನಮ್ಮ ದೇಶದ ಮಟ್ಟಿಗೆ, 82 ಡಿಗ್ರಿ 30 ನಿಮಿಷ ಪೂರ್ವರೇಖಾಂಶವನ್ನು ಹಿಡಿದ ಭಾರತೀಯ ಕಾಲಮಾನ 1906ರ ಜನವರಿ 1ರಿಂದ ಜಾರಿಗೆ ಬಂದಿತು. ಆದರೂ ಬೊಂಬಾಯಿ ನಗರ 1955ರವರೆಗೂ ತನ್ನ ಸ್ವಂತ ಗಂಟೆಯನ್ನೇ ಹಿಡಿದುಕೊಂಡಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ದರು. ಬೆಂಗಳೂರಿನ ತಾಯಿ ಕ್ಯಾಲಿಫೋರ್ನಿಯದ ಮಗನಿಗೆ ಚಳಿಗಾಲದಲ್ಲಿ ಕರೆಮಾಡುವಾಗ ಹದಿಮೂರೂವರೆ ಗಂಟೆಯ ಅಂತರ. ಮಾರ್ಚಿ ತಿಂಗಳಲ್ಲಿ ಅಲ್ಲಿನವರು ಗಡಿಯಾರ ತಿರುಗಿಸಿದ ಮೇಲೆ ಹನ್ನೆರಡೂವರೆ. ಜಗತ್ತಿನ ಇಂಥ ಗೊಂದಲಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಸೇರಿಸಿಡುವ ಕೆಲಸವನ್ನು ಅಮೆರಿಕೆಯ ಸರಕಾರಿ ಆರೋಗ್ಯ ಸಂಶೋಧನಾ ಸಂಸ್ಥೆಯಲ್ಲಿ ಉದ್ಯೋಗದಲ್ಲಿದ್ದ ಆರ್ಥರ್ ಡೇವಿಡ್ ಓಲ್ಸನ್ ಎಂಬವರು 1980ರ ದಶಕದಲ್ಲಿ ಕೈಗೊಂಡರು. ಸ್ವಯಂಸೇವಕರ ನೆರವಿನಿಂದ ಅದು ಬೆಳೆಯಿತು. ನಮ್ಮ ಮೊಬೈಲುಗಳು ಇಂದು ನಂಬಿರುವುದು ಆ ಪಟ್ಟಿಯನ್ನೇ. ಅದರಲ್ಲಿ ನಮ್ಮ ಇಡೀ ದೇಶದ ಗಂಟೆಗೆ ಕೋಲ್ಕತ್ತದ ಹೆಸರಿದೆ.

2011ರಲ್ಲಿ ಈ ಪಟ್ಟಿಗೆ ಒಂದು ಕಂಟಕ ಬಂದಿತು. ಅದನ್ನು ಹೇಳಿದರೆ ಜ್ಯೋತಿಷ್ಯದಲ್ಲಿ ನಂಬಿಕೆಯುಳ್ಳವರೂ ನಗಬಹುದು, ಇಲ್ಲದವರೂ ನಗಬಹುದು. ಜಾತಕ ಬರೆಯುವ ಕಂಪ್ಯೂಟರ್ ಸಲಕರಣೆಗಳನ್ನು ಮಾರುವ ಆಸ್ಟ್ರೋಲೇಬ್ ಎಂಬ ಕಂಪೆನಿಯು, ಹಳೆಯ ಕಾಲಮಾನಗಳ ವಿವರಗಳ ಮೇಲೆ ತನಗೆ ಗ್ರಂಥಸ್ವಾಮ್ಯವಿದೆಯೆಂದು ಓಲ್ಸನ್ನರ ಮೇಲೆ ಅಮೆರಿಕೆಯ ನ್ಯಾಯಾಲಯದಲ್ಲಿ ದಾವಾ ಹೂಡಿತು. ಜನ್ಮಕಾಲ ಸರಿಯಾಗಿ ತಿಳಿಯದೆ ಜಾತಕವಿಲ್ಲ. ಆದ್ದರಿಂದ ಯಾವ ಊರಿನಲ್ಲಿ ಯಾವಾಗ ಗಡಿಯಾರ ಎಷ್ಟಿತ್ತೆಂಬ ಶೋಧನೆಯನ್ನು ಜ್ಯೋತಿಷಿಗಳು ಶ್ರದ್ಧೆಯಿಂದ ಮಾಡಿದ್ದರೆಂಬುದು ನಿಜ. ಆದರೆ ಒಂದೂರಿನಲ್ಲಿ ಗಡಿಯಾರ ಎಷ್ಟಿತ್ತೆಂಬುದು ಇತಿಹಾಸದ ಸಂಗತಿ, ಸಂಗತಿಗೆ ಒಡೆಯರಿಲ್ಲ. 2012ರ ಫೆಬ್ರವರಿಯಲ್ಲಿ ಕಂಪೆನಿ ದಾವಾ ಹಿಂತೆಗೆದುಕೊಂಡಿತು. ಅಷ್ಟರೊಳಗೆ ಪಟ್ಟಿಯ ಪಾಲನೆಯನ್ನು ಇಂಟರ್ನೆಟ್ಟಿನ ಹೆಸರು ಸಂಖ್ಯೆಗಳನ್ನು ನೋಡಿಕೊಳ್ಳುವ ಸಂಸ್ಥೆ ವಹಿಸಿಕೊಂಡಿತ್ತು. ಜಗತ್ತಿನ ಗಡಿಯಾರಗಳೆಲ್ಲ ನಂಬಿಕೊಂಡದ್ದು ಹೆಚ್ಚುಕಡಿಮೆ ಕೆಲವೇ ಜನರ ಬಿಡುವಿನ ದುಡಿಮೆಯನ್ನೆಂಬುದು ಆಗ ಹಲವರಿಗೆ ಮೊದಲ ಬಾರಿಗೆ ತಿಳಿಯಿತು.

ಗಂಟೆಯ ಮಾತು ಹೀಗಾದರೆ ದಿನದ ಮಾತು ಇನ್ನೂ ತೊಡಕಿನದು. ಸ್ವತಂತ್ರ ಭಾರತದಲ್ಲಿ 1952ರಲ್ಲಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ನೇಮಕವಾದಾಗ ದೇಶದಲ್ಲಿ ಸುಮಾರು 30 ಬಗೆಯ ಪಂಚಾಂಗಗಳು ಬಳಕೆಯಲ್ಲಿದ್ದವು. ಸಮಿತಿಯ ವರದಿ 1955ರಲ್ಲಿ ಬಂದಿತು; 1957ರ ಮಾರ್ಚಿ 22ರಂದು, ಅಂದರೆ ಶಕ 1879ರ ಚೈತ್ರ 1ರಂದು, ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂದಿತು. ಗೆಜೆಟ್ಟಿನಲ್ಲಿ ಅದು ಉಳಿಯಿತು, ಅಡಿಗೆಮನೆಗೆ ಬರಲಿಲ್ಲ. ನಮ್ಮ ಮನೆಗಳಲ್ಲಿ ಯುಗಾದಿ, ಗೌರಿ, ದೀಪಾವಳಿ ಇವು ಇಂದಿಗೂ ಚಾಂದ್ರಮಾನದ ತಿಥಿಗಳನ್ನೇ ಅನುಸರಿಸುತ್ತವೆ. ಹಿರಿಯರ ಶ್ರಾದ್ಧ ತಾರೀಖನ್ನು ಕೇಳುವುದಿಲ್ಲ, ತಿಥಿಯನ್ನು ಕೇಳುತ್ತದೆ.

ಐಕ್ಯಾಲೆಂಡರಿನ ಕಟ್ಟಳೆಯಲ್ಲಿ ‘ಯಾವ ಪಂಚಾಂಗ’ ಎಂದು ಬರೆಯಲು ಒಂದು ಸಾಲು ಇದೆ. ಆದರೆ ಆ ಸಾಲಿನಲ್ಲಿ ಬರೆಯಲು ಒಪ್ಪಿತವಾಗಿರುವ ಪದ ಒಂದೇ, ‘ಗ್ರೆಗೋರಿಯನ್’. 2015ರಲ್ಲಿ ಬಂದ 7529ನೆಯ ಪತ್ರವು ಚೀನದ, ಯೆಹೂದ್ಯರ, ಇಥಿಯೋಪಿಯದ ವರ್ಷಗಳಂತೆ ಮರುಕಳಿಸುವ ಹಬ್ಬಗಳನ್ನು ಬರೆಯುವ ದಾರಿ ತೆರೆಯಿತು. ಅದು ಆಧಾರವಾಗಿಟ್ಟುಕೊಂಡ ಪಟ್ಟಿಯಲ್ಲಿ ಸಹಾ ಸಮಿತಿಯ ರಾಷ್ಟ್ರೀಯ ಪಂಚಾಂಗ ಉಂಟು, ನಮ್ಮ ಮನೆಯ ಚಾಂದ್ರಮಾನ ಪಂಚಾಂಗ ಇಲ್ಲ. ಆದಕಾರಣ ‘ಭಾದ್ರಪದ ಬಹುಳ ಪಂಚಮಿಗೆ ಪ್ರತಿವರ್ಷ ನೆನಪಿಸು’ ಎಂದು ಯಂತ್ರಕ್ಕೆ ಒಂದೇ ಸಲ ಹೇಳಿ ನಿಶ್ಚಿಂತರಾಗುವಂತಿಲ್ಲ. ವರ್ಷವರ್ಷವೂ ಪಂಚಾಂಗ ನೋಡಿ ತಾರೀಖು ತುಂಬಬೇಕು. ಸಹಾಯಕನು ಎಷ್ಟೇ ಬುದ್ಧಿವಂತನಾಗಿದ್ದರೂ ಅವನು ಬರೆಯಬೇಕಾದ ಪುಸ್ತಕದಲ್ಲಿ ಅಂಕಣವಿಲ್ಲದಿದ್ದರೆ ಅವನಾದರೂ ಏನು ಮಾಡಿಯಾನು?

ಬರೆಯುವ ಭಾಷೆ ಹೀಗೆ ಸಿದ್ಧವಾದ ಮೇಲೆ, ಬರೆದ ಪುಸ್ತಕವನ್ನು ಎಲ್ಲಿಂದ ಬೇಕಾದರೂ ತೆರೆಯುವ ಅನುಕೂಲ ಬೇಕಾಯಿತು. ಗೂಗಲ್ ಕಂಪೆನಿಯ ಕ್ಯಾಲೆಂಡರು 2006ರ ಏಪ್ರಿಲಿನಲ್ಲಿ ಬಂದಿತು. 2007ರ ಮಾರ್ಚಿಯಲ್ಲಿ ‘ಕ್ಯಾಲ್‌ಡ್ಯಾವ್’ ಎಂಬ ಕಟ್ಟಳೆ ಪ್ರಕಟವಾಯಿತು. ಲೀಸಾ ಡುಸೋ ಎಂಬಾಕೆ 2003ರಲ್ಲಿ ಮುಂದಿಟ್ಟ ಕರಡು ಅದರ ಬೀಜ. ದೂರದಲ್ಲಿರುವ ಕ್ಯಾಲೆಂಡರನ್ನು ಓದುವುದು, ಬರೆಯುವುದು, ತಿದ್ದುವುದು ಹೇಗೆಂಬುದಕ್ಕೆ ಅದರಿಂದ ಎಲ್ಲರಿಗೂ ಸಮನಾದ ಕ್ರಮ ದೊರೆಯಿತು. ಇನ್ನು ಉಳಿದದ್ದು ಬೀಗದ ಕೈಯ ಪ್ರಶ್ನೆ. ನನ್ನ ಕ್ಯಾಲೆಂಡರನ್ನು ನನ್ನ ಪರವಾಗಿ ಇನ್ನೊಬ್ಬ ನೋಡಬೇಕಾದರೆ ಅವನಿಗೆ ನಾನು ಏನನ್ನು ಕೊಡಬೇಕು?

ಆ ವರ್ಷಗಳಲ್ಲಿ ಇದಕ್ಕೆ ಇದ್ದ ಉತ್ತರ ನೆನೆದರೆ ಮೈ ನಡುಗುವಂಥದು. ಹೊಸದೊಂದು ಸೇವೆಗೆ ಹೆಸರು ಕೊಟ್ಟೊಡನೆ, ‘ನಿಮ್ಮ ಟಪಾಲಿನ ಪಾಸ್‌ವರ್ಡನ್ನು ಇಲ್ಲಿ ಬರೆಯಿರಿ, ನಿಮ್ಮ ಸ್ನೇಹಿತರ ವಿಳಾಸಗಳನ್ನು ನಾವೇ ತೆಗೆದುಕೊಳ್ಳುತ್ತೇವೆ’ ಎಂದು ಕೇಳುತ್ತಿದ್ದರು. ಜನ ಬರೆದೂ ಕೊಡುತ್ತಿದ್ದರು. ಉಗ್ರಾಣದಿಂದ ಒಂದು ಸೇರು ಅಕ್ಕಿ ತರಲು ಹೇಳಿ ಇಡೀ ಮನೆಯ ಬೀಗದ ಕೈಗೊಂಚಲನ್ನೇ ಆಳಿನ ಕೈಗೆ ಕೊಟ್ಟು ಕಳಿಸಿದಂತೆ. ಕೊಟ್ಟ ಪಾಸ್‌ವರ್ಡನ್ನು ಹಿಂದಕ್ಕೆ ಪಡೆಯುವ ಉಪಾಯ ಒಂದೇ: ಅದನ್ನು ಬದಲಾಯಿಸುವುದು, ಎಂದರೆ ಮನೆಯ ಬೀಗವನ್ನೇ ಬದಲಾಯಿಸುವುದು.

ಇದಕ್ಕೆ ಪರಿಹಾರವಾಗಿ 2007ರಲ್ಲಿ ‘ಓಆಥ್’ ಎಂಬ ಕ್ರಮ ಹುಟ್ಟಿತು. ಅದರ ಎರಡನೆಯ ಆವೃತ್ತಿ 2012ರ ಅಕ್ಟೋಬರಿನಲ್ಲಿ 6749ನೆಯ ಪತ್ರವಾಗಿ ಹೊರಬಂದಿತು. ಹಳೆಯ ಬ್ಯಾಂಕುಗಳಲ್ಲಿ ಚೆಕ್ಕು ಒಪ್ಪಿಸಿದವರಿಗೆ ಗುಮಾಸ್ತರು ಹಿತ್ತಾಳೆಯ ಟೋಕನ್ ಕೊಡುತ್ತಿದ್ದುದು ಹಿರಿಯರಾದ ವಾಚಕರಿಗೆ ನೆನಪಿರಬಹುದು. ಆ ಟೋಕನ್ನಿಗೆ ಖಜಾನೆಯ ಬಾಗಿಲು ತೆರೆಯುವ ಶಕ್ತಿಯಿರಲಿಲ್ಲ. ಆ ಒಂದು ಚೆಕ್ಕಿನ ಹಣ, ಆ ಒಂದು ಕಿಟಕಿ, ಅಷ್ಟೇ. ಓಆಥಿನ ತಿರುಳೂ ಅದೇ. ಸಹಾಯಕನು ನಮ್ಮನ್ನು ಕ್ಯಾಲೆಂಡರಿನ ಒಡೆಯರ ಪುಟಕ್ಕೆ ಕಳಿಸುತ್ತಾನೆ. ಪಾಸ್‌ವರ್ಡನ್ನು ನಾವು ಬರೆಯುವುದು ಅಲ್ಲಿ, ಸಹಾಯಕನ ಮುಂದೆ ಅಲ್ಲ. ‘ಇವನಿಗೆ ನೋಡಲು ಮಾತ್ರ ಅಪ್ಪಣೆಯೋ, ತಿದ್ದಲೂ ಅಪ್ಪಣೆಯೋ’ ಎಂದು ಆ ಪುಟ ಕೇಳುತ್ತದೆ. ನಾವು ಒಪ್ಪಿದ ಮೇಲೆ ಸಹಾಯಕನಿಗೆ ಒಂದು ಟೋಕನ್ ಸಿಗುತ್ತದೆ. ಅದರ ಆಯುಸ್ಸು ಅಲ್ಪ, ಎಷ್ಟೋ ಕಡೆ ಒಂದು ಗಂಟೆ. ಮುಗಿದಾಗ ಹೊಸತನ್ನು ಪಡೆಯಲು ಅವನ ಬಳಿ ಇನ್ನೊಂದು, ಹೆಚ್ಚು ಕಾಲ ಬಾಳುವ ಟೋಕನ್ ಇರುತ್ತದೆ. ಈ ಎರಡನೆಯದನ್ನು ನಾವು ಮರೆಯುವುದೇ ಹೆಚ್ಚು.

ಬಾಗಿಲ ಕಥೆ ಇದಾಯಿತು. ಇನ್ನು ಬಾಗಿಲಲ್ಲಿ ನಿಂತಿರುವ ಸಹಾಯಕನ ಕಥೆ. ಯಂತ್ರಕ್ಕೆ ಕ್ಯಾಲೆಂಡರನ್ನು ಒಪ್ಪಿಸಬೇಕೆಂಬ ಆಲೋಚನೆ ಈಚಿನದೇನೂ ಅಲ್ಲ. ಅಮೆರಿಕೆಯ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಟಾಮ್ ಮಿಚೆಲ್ ಮತ್ತು ಅವರ ಸಂಗಡಿಗರು ‘ಕ್ಯಾಪ್’, ಅಂದರೆ ಕ್ಯಾಲೆಂಡರಿನ ಉಮೇದುವಾರ, ಎಂಬ ಕ್ರಮವಿಧಿಯನ್ನು ಮಾಡಿ ಅದರ ಅನುಭವವನ್ನು 1994ರಲ್ಲಿ ಪ್ರಕಟಿಸಿದರು. ಇಂಥವರ ಜೊತೆಗಿನ ಸಭೆ ಎಷ್ಟು ಹೊತ್ತು, ಯಾವ ಕೋಣೆ, ಯಾವ ವಾರ ಎಂಬುದನ್ನು ಅದು ನೋಡಿ ನೋಡಿ ಕಲಿಯುತ್ತಿತ್ತು. ಹಗಲೆಲ್ಲ ಗಮನಿಸಿದ್ದನ್ನು ರಾತ್ರಿ ಕುಳಿತು ನಿಯಮಗಳಾಗಿ ಮಾಡಿಕೊಳ್ಳುತ್ತಿತ್ತು. ಬಳಸಿದವರೆಲ್ಲರ ಕಾಲವನ್ನು ಕೂಡಿಸಿದರೆ ಸುಮಾರು ಐದು ವರ್ಷಗಳಷ್ಟಾಗುವ ಅನುಭವದಲ್ಲಿ ಅದು ಹಲವು ಸಾವಿರ ನಿಯಮಗಳನ್ನು ಕಲಿಯಿತು. ಆದರೆ ಕಾಲೇಜಿನ ಅವಧಿ ಬದಲಾದೊಡನೆ ಎಲ್ಲರ ವೇಳೆಯೂ ಬದಲಾಗಿ, ಕಲಿತದ್ದು ತಪ್ಪತೊಡಗುತ್ತಿತ್ತು. ಮನುಷ್ಯನ ಅಭ್ಯಾಸವನ್ನು ಕಲಿಯುವುದು ಸಾಧ್ಯ. ಅಭ್ಯಾಸ ಬದಲಾಗುವ ಗಳಿಗೆಯನ್ನು ಕಲಿಯುವುದು ಕಷ್ಟ.

2003ರಲ್ಲಿ ಅಮೆರಿಕೆಯ ರಕ್ಷಣಾ ಇಲಾಖೆಯ ಸಂಶೋಧನಾ ಶಾಖೆಯಾದ ಡಾರ್ಪಾ, ಎಸ್‌ಆರ್‌ಐ ಸಂಸ್ಥೆಯ ನೇತೃತ್ವದಲ್ಲಿ ‘ಕಾಲೋ’ ಎಂಬ ದೊಡ್ಡ ಯೋಜನೆಗೆ ಹಣ ಒದಗಿಸಿತು. ಲ್ಯಾಟಿನ್ ಭಾಷೆಯಲ್ಲಿ ಸೈನಿಕನ ಸೇವಕ ಎಂಬ ಅರ್ಥದ ಪದದಿಂದ ಹುಟ್ಟಿದ ಹೆಸರು ಅದು. 20ಕ್ಕೂ ಹೆಚ್ಚು ಸಂಸ್ಥೆಗಳು ದುಡಿದ ಆ ಯೋಜನೆಯಲ್ಲಿ ಅಧಿಕಾರಿಯ ಸಭೆಗಳನ್ನು ಗೊತ್ತುಪಡಿಸುವುದೂ ಒಂದು ಮುಖ್ಯ ಅಂಗ. ಅದರ ಕುಡಿಯೇ ‘ಸಿರಿ’. 2010ರಲ್ಲಿ ಆಪಲ್ ಅದನ್ನು ಕೊಂಡುಕೊಂಡಿತು. 2011ರ ಅಕ್ಟೋಬರಿನಲ್ಲಿ ಅದು ಆಪಲ್ ಫೋನಿನಲ್ಲಿ ಮಾತನಾಡತೊಡಗಿ, ‘ನಾಳೆ ಹತ್ತು ಗಂಟೆಗೆ ಸಭೆ’ ಎಂದರೆ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳುತ್ತಿತ್ತು. ಆದರೆ ಅದು ಕಲಿಸಿದ ಮಾತನ್ನು ಮಾತ್ರ ಬಲ್ಲ ಗಿಳಿ. ಹೇಳುವ ರೀತಿ ಕೊಂಚ ಬದಲಾದರೂ ತಬ್ಬಿಬ್ಬಾಗುತ್ತಿತ್ತು.

2022ರ ನವೆಂಬರಿನಲ್ಲಿ ‘ಚಾಟ್‌ಜಿಪಿಟಿ’ ಬಂದಮೇಲೆ ಚಿತ್ರ ತಿರುಗುಮುರುಗಾಯಿತು. ಈಗಿನ ಯಂತ್ರ ಯಾವ ರೀತಿಯಲ್ಲಿ ಹೇಳಿದರೂ ಅರ್ಥಮಾಡಿಕೊಳ್ಳುವಂತೆ ತೋರುತ್ತದೆ. ತಮಾಷೆಯೆಂದರೆ, ಇಷ್ಟೆಲ್ಲ ಬಲ್ಲ ಅದಕ್ಕೆ ತಾನಾಗಿ ಇಂದು ಯಾವ ತಾರೀಖೆಂಬುದು ತಿಳಿಯದು! ಅದು ಓದಿ ಕಲಿತದ್ದು ಎಂದೋ ಮುಗಿದ ಪುಸ್ತಕರಾಶಿಯನ್ನು. ಗೋಡೆಯ ಗಡಿಯಾರ ಅದಕ್ಕೆ ಕಾಣುವುದಿಲ್ಲ. ಇಂದು ಯಾವ ದಿನ, ಎಷ್ಟು ಗಂಟೆ ಎಂಬುದನ್ನು ಪ್ರತಿ ಸಂಭಾಷಣೆಯಲ್ಲೂ ಯಾರಾದರೂ ಅದರ ಕಿವಿಯಲ್ಲಿ ಹೇಳಬೇಕು. ಹಾಗೆಯೇ ಅದಕ್ಕೆ ಕೈಗಳೂ ಇಲ್ಲ. 2023ರ ಜೂನಿನಲ್ಲಿ ಓಪನ್‌ಎಐ ಕಂಪೆನಿ ಇದಕ್ಕೊಂದು ಉಪಾಯವನ್ನು ಪ್ರಕಟಿಸಿತು: ‘ಕ್ಯಾಲೆಂಡರು ನೋಡುವ ಸಲಕರಣೆ ಒಂದಿದೆ, ಬೇಕಾದಾಗ ಹೀಗೆ ಚೀಟಿ ಬರೆದುಕೊಡು’ ಎಂದು ಯಂತ್ರಕ್ಕೆ ಮೊದಲೇ ತಿಳಿಸಿಡುವುದು. ಯಂತ್ರ ಚೀಟಿ ಬರೆಯುತ್ತದೆ. ಬೇರೊಂದು ಸಾಧಾರಣ ಕ್ರಮವಿಧಿ ಆ ಚೀಟಿ ಹಿಡಿದು ಟೋಕನ್ ತೋರಿಸಿ ಕ್ಯಾಲೆಂಡರಿನಿಂದ ಉತ್ತರ ತಂದು ಯಂತ್ರದ ಮುಂದಿಡುತ್ತದೆ. ಒಳಗೆ ಕುಳಿತ ಸಾಹೇಬರಿಗೂ ದಫ್ತರಖಾನೆಗೂ ನಡುವೆ ಜವಾನ ಓಡಾಡಿದಂತೆ. ಪ್ರತಿಯೊಬ್ಬ ಸಾಹೇಬನೂ ಪ್ರತಿಯೊಂದು ದಫ್ತರಕ್ಕೂ ಬೇರೆ ಬೇರೆ ನಮೂನೆಯ ಚೀಟಿ ಬರೆಯುವ ತೊಂದರೆಯನ್ನು ತಪ್ಪಿಸಲು, 2024ರ ನವೆಂಬರಿನಲ್ಲಿ ಆಂತ್ರೋಪಿಕ್ ಕಂಪೆನಿ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್’ ಎಂಬ ಸಮಾನ ನಮೂನೆಯನ್ನು ಮುಂದಿಟ್ಟಿತು. ಮರುವರ್ಷದ ಮಾರ್ಚಿಯಲ್ಲಿ ಅದರ ಪ್ರತಿಸ್ಪರ್ಧಿಯಾದ ಓಪನ್‌ಎಐ ಕೂಡ ಅದನ್ನು ಒಪ್ಪಿಕೊಂಡಿತು. 1998ರ ಜಂಟಿ ಸಹಿಯ ಕಥೆ ಇನ್ನೊಮ್ಮೆ ನಡೆಯಿತೆನ್ನಬಹುದು.

ನಾನೂ ಈಚೆಗೆ ಇಂಥ ಸಹಾಯಕನೊಬ್ಬನಿಗೆ ನನ್ನ ಕ್ಯಾಲೆಂಡರನ್ನು ನೋಡುವ ಅಪ್ಪಣೆ ಮಾತ್ರ ಕೊಟ್ಟು, ಮುಂದಿನ ವಾರ ಯಾವ ಸಂಜೆ ಬಿಡುವಿದೆಯೆಂದು ಕೇಳಿದೆ. ಕ್ಷಣದಲ್ಲಿ ಉತ್ತರ ಬಂದಿತು: ‘ಗುರುವಾರ ಸಂಜೆ ಪೂರ್ತಿ ಬಿಡುವಾಗಿದೆ.’ ಲೆಕ್ಕ ಸರಿಯೇ. ಆದರೆ ಗುರುವಾರ ಸಂಜೆ ನಾನು ಹಾಸಿಗೆ ಹಿಡಿದಿರುವ ಹಳೆಯ ಗೆಳೆಯನೊಬ್ಬನ ಪಕ್ಕದಲ್ಲಿ ಕುಳಿತು ಪತ್ರಿಕೆ ಓದಿ ಹೇಳುವುದು ಎಷ್ಟೋ ತಿಂಗಳ ರೂಢಿ. ಅದನ್ನು ನಾನು ಎಲ್ಲಿಯೂ ಬರೆದಿಟ್ಟಿಲ್ಲ. ಮರೆತುಹೋಗಬಹುದಾದ ಕೆಲಸವನ್ನು ನಾವು ಬರೆದಿಡುತ್ತೇವೆಯೇ ಹೊರತು, ಮರೆಯಲಾಗದ್ದನ್ನಲ್ಲ. ಆದ್ದರಿಂದ ಕ್ಯಾಲೆಂಡರನ್ನು ಮಾತ್ರ ಓದುವವನಿಗೆ ನಮ್ಮ ಬದುಕಿನ ಅತಿ ಮುಖ್ಯವಾದ ಗಂಟೆಗಳು ಬಿಡುವಾಗಿಯೇ ಕಾಣುತ್ತವೆ. ಇದು ಯಂತ್ರದ ದೋಷವಲ್ಲ. ಆದರೆ ಅಂಥ ‘ಬಿಡುವು’ಗಳನ್ನು ನಮ್ಮನ್ನು ಕೇಳದೆ ತುಂಬುವ ಅಧಿಕಾರವನ್ನು ಅದಕ್ಕೆ ಕೊಡುವಾಗ ಯೋಚಿಸಬೇಕು.

ಇನ್ನೂ ಗಂಭೀರವಾದ ಪ್ರಶ್ನೆ ಒಂದಿದೆ. ಅದರ ಬೇರು 1998ರ ಸೌಜನ್ಯದಲ್ಲೇ ಇದೆ. ಐಕ್ಯಾಲೆಂಡರಿನ ಜೊತೆಗೆ ಅದೇ ತಿಂಗಳು ಪ್ರಕಟವಾದ ಇನ್ನೊಂದು ಪತ್ರವು ಆಹ್ವಾನದ ಶಿಷ್ಟಾಚಾರವನ್ನು ಗೊತ್ತುಮಾಡಿತು: ಕೋರಿಕೆ, ಉತ್ತರ, ರದ್ದು, ‘ಆ ದಿನ ಬೇಡ, ಈ ದಿನ ಆಗಲಿ’ ಎಂಬ ಪ್ರತಿಸೂಚನೆ. ಇದರಿಂದ ಯಾರು ಬೇಕಾದರೂ ಯಾರಿಗೆ ಬೇಕಾದರೂ ಆಹ್ವಾನ ಕಳಿಸಬಹುದಾಯಿತು. ಹಲವು ಕ್ಯಾಲೆಂಡರುಗಳಲ್ಲಿ ಆ ಆಹ್ವಾನ ಒಡೆಯನ ಒಪ್ಪಿಗೆಗೂ ಕಾಯದೆ ಚೌಕದಲ್ಲಿ ಬಂದು ಕುಳಿತುಕೊಳ್ಳುತ್ತಿತ್ತು. ಮನುಷ್ಯ ಮಾತ್ರ ಓದುತ್ತಿದ್ದ ಕಾಲದಲ್ಲಿ ಇದರಿಂದಾಗುತ್ತಿದ್ದ ಕೇಡು ಸಣ್ಣದು. 2019ರ ಹೊತ್ತಿಗೆ ವಂಚಕರು ಬಹುಮಾನದ ಆಸೆ ತೋರಿಸುವ ಆಹ್ವಾನಗಳನ್ನು ಹೀಗೆ ತೂರಿಸತೊಡಗಿದ್ದರು. 2022ರಲ್ಲಿ ಗೂಗಲ್, ಪರಿಚಯದವರ ಆಹ್ವಾನ ಮಾತ್ರ ತಾನಾಗಿ ಸೇರುವಂತೆ ಮಾಡಿಕೊಳ್ಳುವ ಸೌಕರ್ಯವನ್ನು ಕೊಟ್ಟಿತು.

ಈಗ ಓದುಗ ಬದಲಾಗಿದ್ದಾನೆ. ಯಂತ್ರಕ್ಕೆ ಯಜಮಾನನ ಅಪ್ಪಣೆಯೂ ಬರಹವೇ, ಕ್ಯಾಲೆಂಡರಿನಲ್ಲಿ ಕಂಡದ್ದೂ ಬರಹವೇ. ಯಾವುದು ಪಾಲಿಸಬೇಕಾದ ಮಾತು, ಯಾವುದು ಬರಿದೆ ಓದಿ ಹೇಳಬೇಕಾದ ಮಾತು ಎಂಬ ವಿವೇಕ ಅದರಲ್ಲಿ ಇನ್ನೂ ಗಟ್ಟಿಯಾಗಿ ನೆಲೆಗೊಂಡಿಲ್ಲ. 2025ರ ಆಗಸ್ಟಿನಲ್ಲಿ ಇಸ್ರೇಲಿನ ಮೂವರು ಸಂಶೋಧಕರು ಇದನ್ನು ಪ್ರತ್ಯಕ್ಷ ಮಾಡಿ ತೋರಿಸಿದರು. ಕ್ಯಾಲೆಂಡರಿನ ಆಹ್ವಾನವೊಂದರಲ್ಲಿ ಗುಪ್ತವಾಗಿ ಕೆಲವು ಅಪ್ಪಣೆಗಳನ್ನು ಬರೆದು ಕಳಿಸಿದರು. ಮನೆಯಾತನು ಗೂಗಲ್ಲಿನ ‘ಜೆಮಿನಿ’ ಸಹಾಯಕನನ್ನು ಈ ವಾರದ ಕಾರ್ಯಕ್ರಮವೇನೆಂದು ಕೇಳಿ, ಉತ್ತರಕ್ಕೆ ಉಪಚಾರದ ಮಾತನ್ನಾಡಿದ್ದೇ ತಡ, ಮನೆಯ ದೀಪಗಳು ಆರಿದವು, ಕಿಟಕಿಯ ಪರದೆಗಳು ಮೇಲೆದ್ದವು! ಸಂಶೋಧಕರು ಫೆಬ್ರವರಿಯಲ್ಲೇ ಗೂಗಲ್ಲಿಗೆ ವಿಷಯ ತಿಳಿಸಿದ್ದರು. ಕಂಪೆನಿ ರಕ್ಷಣೆಗಳನ್ನು ಬಲಪಡಿಸಿತು. ಆದರೆ ಈ ಬಗೆಯ ಮೋಸಕ್ಕೆ ಪೂರ್ಣವಾದ ಮದ್ದು ಯಾರ ಬಳಿಯಲ್ಲಿಯೂ ಇಲ್ಲ. ಇಲ್ಲಿ ಬೀಗ ಮುರಿಯಲಿಲ್ಲ, ಪಾಸ್‌ವರ್ಡು ಕಳುವಾಗಲಿಲ್ಲ, ಟೋಕನ್ನು ಸರಿಯಾಗಿಯೇ ಇತ್ತು. ಬಾಗಿಲಲ್ಲಿ ಸಿಕ್ಕಿದ ಚೀಟಿಯನ್ನು ಸೇವಕನು ಯಜಮಾನನ ಕೈಬರಹವೆಂದೇ ನಂಬಿದ್ದನು, ಅಷ್ಟೆ.

ಹಾಗಾದರೆ ಇಂಥ ಸಹಾಯಕನನ್ನು ಹೊಸಲು ದಾಟಿಸಲೇಬಾರದೆ? ನಾನು ಹಾಗೆ ಹೇಳುವವನಲ್ಲ. ಕಣ್ಣು ಮಂಜಾದ ಹಿರಿಯರಿಗೆ, ಕಚೇರಿ ಮನೆ ಎರಡನ್ನೂ ತೂಗಿಸುವ ತಾಯಂದಿರಿಗೆ, ಬೆರಳು ಆಡದ ರೋಗಿಗಳಿಗೆ ಬಾಯಿಮಾತಿನಿಂದ ತಮ್ಮ ದಿನವನ್ನು ಹೊಂದಿಸಿಕೊಳ್ಳುವುದು ದೊಡ್ಡ ಉಪಕಾರ. ಆದರೆ ಹಿಂದಿನವರ ಒಂದು ಜಾಣತನವನ್ನು ನಾವು ಕೈಬಿಡಬಾರದು. ಐಕ್ಯಾಲೆಂಡರಿನಲ್ಲಿ ಮೊದಲಿನಿಂದಲೂ ಒಂದು ಏರ್ಪಾಡು ಇದೆ: ಇಂಥ ಹೊತ್ತಿನಲ್ಲಿ ಈತನಿಗೆ ಕೆಲಸವಿದೆ, ಇಂಥ ಹೊತ್ತಿನಲ್ಲಿ ಬಿಡುವಿದೆ ಎಂಬಷ್ಟನ್ನೇ ಹೊರಗಿನವರಿಗೆ ತಿಳಿಸುವುದು; ಕೆಲಸವೇನು, ಯಾರೊಡನೆ, ಎಲ್ಲಿ ಎಂಬುದನ್ನು ಹೇಳದಿರುವುದು. ಸಭೆ ಗೊತ್ತುಮಾಡಲು ಅಷ್ಟು ಸಾಕು. ನನ್ನ ಕ್ಯಾಲೆಂಡರಿನಲ್ಲಿರುವುದು ನನ್ನೊಬ್ಬನ ಗುಟ್ಟೂ ಅಲ್ಲ. ತಂಗಿಯ ಗಂಡನ ಶಸ್ತ್ರಚಿಕಿತ್ಸೆಯ ದಿನವಿದೆ, ನೆರೆಯವರ ಮಗಳು ವಕೀಲರನ್ನು ಕಾಣುವ ವೇಳೆಯಿದೆ. ಅವರಾರೂ ಒಪ್ಪಿಗೆಯ ಗುಂಡಿ ಒತ್ತಿಲ್ಲ.

ಆದ್ದರಿಂದ ನೋಡಲು ಸಾಕಾದಾಗ ತಿದ್ದುವ ಅಪ್ಪಣೆ ಬೇಡ. ಬಿಡುವು ತಿಳಿದರೆ ಸಾಕಾದಾಗ ವಿವರ ಬೇಡ. ಬರೆಯುವ, ಅಳಿಸುವ, ಪರರಿಗೆ ಕಳಿಸುವ ಕೆಲಸಕ್ಕೆ ಮುಂಚೆ ಪ್ರತಿಸಲವೂ ನಮ್ಮನ್ನು ಕೇಳತಕ್ಕದ್ದು. ಹೊಸದಾಗಿ ಸೇರಿದ ಗುಮಾಸ್ತನಿಗೆ ಯಾವ ವ್ಯಾಪಾರಿಯೂ ಮೊದಲ ದ���ನವೇ ಪೆಟ್ಟಿಗೆಯ ಬೀಗದ ಕೈ ಕೊಡುವುದಿಲ್ಲ. ವರ್ಷ ಒಪ್ಪತ್ತು ನೋಡಿ, ನಡತೆ ತಿಳಿದು, ಒಂದೊಂದಾಗಿ ಕೊಡುತ್ತಾನೆ.

ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವ ದಾರಿಯೂ ಇದೆ. ಟೋಕನ್ನುಗಳನ್ನು ರದ್ದುಮಾಡುವ ಕ್ರಮವನ್ನು 2013ರಲ್ಲಿ 7009ನೆಯ ಪತ್ರವು ಗೊತ್ತುಪಡಿಸಿತು. ಯಾರು ಯಾರಿಗೆ ಯಾವ ಯಾವ ಅಪ್ಪಣೆ ಕೊಟ್ಟಿದ್ದೇವೆಂಬ ಪಟ್ಟಿಯನ್ನು ದೊಡ್ಡ ಕ್ಯಾಲೆಂಡರ್ ಸೇವೆಗಳು ಒಂದು ಪುಟದಲ್ಲಿ ಇಟ್ಟಿವೆ. ಅದನ್ನು ತೆರೆದು ನೋಡುವವರು ವಿರಳ. ಎಂದೋ ಒಮ್ಮೆ ಪರೀಕ್ಷೆಗೆಂದು ಬಳಸಿ ಬಿಟ್ಟ ಸೇವೆಗಳ ಕೈಯಲ್ಲಿ ನಮ್ಮ ಬೀಗದ ಕೈಗಳು ಇನ್ನೂ ತೂಗುತ್ತಿರಬಹುದು. ಯುಗಾದಿಗೆ ಮುಂಚೆ ನಾವು ಅಟ್ಟದ ಧೂಳು ಹೊಡೆದು ಬೇಡದ್ದನ್ನು ಹೊರಹಾಕುತ್ತೇವಷ್ಟೆ. ಆ ಕೆಲಸದ ಜೊತೆಗೆ ಈ ಪಟ್ಟಿಯನ್ನೂ ವರ್ಷಕ್ಕೊಮ್ಮೆ ಗುಡಿಸುವುದು ಒಳ್ಳೆಯದು. ಅದಕ್ಕೆ ಐದು ನಿಮಿಷ ಸಾಕು, ಯಾವ ಸಹಾಯಕನ ನೆರವೂ ಬೇಕಿಲ್ಲ.